ಪರದೆಯ ಹಿಂದೆ ಆಂಬುಲೆನ್ಸ್

ಮನೆ,
ಭಾನುವಾರ, ಮಾರ್ಚ್ ೧೨

ನನ್ನ ಪ್ರೀತಿಯ ಮನೆಯೊಡತಿಗೆ,

ಸೊಂಟನೋವು ಹೇಗಿದೆ? ಮಗುವನ್ನು ಎತ್ತಿಕೊಂಡು ರಾತ್ರಿಯಿಡೀ ಓಡಾಡಬೇಡ. ಅಳಿಯನಿಗೂ ಎರಡು ತೋಳುಗಳಿವೆ, ಅವಕ್ಕೂ ಸ್ವಲ್ಪ ಕೆಲಸ ಕೊಡು. ಬಾಣಂತಿ ದೊಡ್ಡವಳು ಈಗ ಎದ್ದು ಓಡಾಡುತ್ತಿದ್ದಾಳೆ ತಾನೆ? ನಾನು ಚೆನ್ನಾಗಿದ್ದೇನೆ. ಗಿಡಗಳೂ ಚೆನ್ನಾಗಿವೆ, ಒಂದನ್ನು ಬಿಟ್ಟು. ಯಾವುದು ಎಂದು ಮಾತ್ರ ಕೇಳಬೇಡ.

ಈಗ ಸುದ್ದಿಗೆ ಬರುತ್ತೇನೆ. ನಮ್ಮ ಚಿಕ್ಕವಳು ಮೈ ಆಡಿಸಿ ಸಂಗೀತ ಹೊರಡಿಸುವುದು ನಿನಗೆ ಗೊತ್ತೇ ಇದೆ. ಮಣಿಕಟ್ಟಿಗೆ, ತೋಳಿಗೆ, ಕಾಲಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ಕಟ್ಟಿಕೊಳ್ಳುತ್ತಾಳೆ, ತಂತಿ ಗಿಂತಿ ಏನೂ ಇಲ್ಲ. ಕೈ ಎತ್ತಿದರೆ ಅಲ್ಲಿ ದೂರದ ಕಂಪ್ಯೂಟರಿನಲ್ಲಿ ಸ್ವರ ಏರುತ್ತದೆ, ಕಾಲು ಅಪ್ಪಳಿಸಿದರೆ ನಗಾರಿ. ಜೇನುಹುಳ ಓಡಿಸುವ ವಿದ್ಯೆ ಎಂದು ನಾನು ಗೇಲಿ ಮಾಡುತ್ತಿದ್ದೆನಲ್ಲ, ಅದೇ. ಕಳೆದ ವಾರ ಅವಳ ಜೊತೆಗಾತಿ, ಸಕ್ಕರೆಯಿಲ್ಲದ ಕಾಫಿ ಕುಡಿಯುವ ಆ ಉದ್ದ ಹುಡುಗಿ, ಮೆಟ್ಟಿಲಲ್ಲಿ ಜಾರಿ ಪಾದ ಉಳುಕಿಸಿಕೊಂಡಳು. ಶನಿವಾರ ಕಾರ್ಯಕ್ರಮ. ಹಲವು ಊರುಗಳ ಪ್ರವಾಸಕ್ಕೆ ಇವರನ್ನು ಆರಿಸಬೇಕೋ ಬೇಡವೋ ಎಂದು ನೋಡಲು ಆಯೋಜಕಿಯೊಬ್ಬಳು ಬರುವವಳಿದ್ದಳು. ಚಿಕ್ಕವಳು ತಲೆಯ ಮೇಲೆ ಕೈಹೊತ್ತು ಕೂತಳು. ಆಮೇಲೆ ನನ್ನನ್ನೇ ದಿಟ್ಟಿಸಿ, "ಅಪ್ಪಾ, ಟ್ರಾಫಿಕ್ ಪೊಲೀಸ್ ಆಗಿ ಇಡೀ ಊರಿಗೆ ಕೈ ಆಡಿಸಿದ್ದೀರಿ. ನನಗೋಸ್ಕರ ನಾಲ್ಕು ನಿಮಿಷ ಆಡಿಸೋಕಾಗಲ್ವಾ?" ಅಂದಳು. ಬೇಡವೇ ಬೇಡ ಎಂದು ಅಂಗೈ ಮುಂದೆ ಮಾಡಿದೆ. ಅಷ್ಟರಲ್ಲೇ ಸೆನ್ಸರ್ ಕಟ್ಟಿಬಿಟ್ಟಿದ್ದಳು ಕಣೇ! ನನ್ನ "ಬೇಡ" ಎಷ್ಟು ಇಂಪಾಗಿ ಕೇಳಿಸಿತೆಂದರೆ, ಮರುಮಾತಾಡದೆ ಒಪ್ಪಿಕೊಂಡೆ.

ವೇದಿಕೆಯ ಮೇಲೆ ಮಾತ್ರ ನನ್ನ ಆಟ ನಡೆಯಲಿಲ್ಲ. ಲಾರಿಗಳೆದುರು ಅಲುಗದೆ ನಿಂತವನು ಕುರ್ಚಿಗಳಲ್ಲಿ ಸುಮ್ಮನೆ ಕೂತ ಜನರನ್ನು ನೋಡಿ ನಡುಗಿದೆ. ಕೈ ನಡುಗಿದ ಹಾಗೆಲ್ಲ ಸಂಗೀತವೂ ಚಳಿಗೆ ಹಲ್ಲು ಕಟಕಟಿಸಿದಂತೆ ಕೇಳಿಸಿತು. ಮುಂದಿನ ಸಾಲಿನಲ್ಲಿದ್ದ ಆಯೋಜಕಿ ಗಡಿಯಾರ ನೋಡಿಕೊಂಡಳು. ನನ್ನ ಸರದಿ ಮುಗಿದದ್ದೇ ತಡ, ಪರದೆಯ ಹಿಂದೆ ಬಂದು ಕುಸಿದು ಕೂತೆ. ಮಗಳ ಬಾಯಿಗೆ ಬಂದ ತುತ್ತನ್ನು ಕೈಯಾರೆ ತಟ್ಟಿ ಬೀಳಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಪರದೆ ಎಳೆಯುವ ಯಜಮಾನರು ಪಾಪ, ನೀರು ಕೊಟ್ಟು, "ಬಿಡಿ ಸಾರ್, ಆಗೋದೇ. ಮೊದಲು ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು.

ಕೇಳಿದ ಮೇಲೆ ಹೇಳದೆ ಇರಲಾಗುತ್ತದೆಯೇ? ನೀನು ಆಕಳಿಸುತ್ತಾ ಕೇಳುವ ಆ ಆಂಬುಲೆನ್ಸ್ ಕಥೆ ಶುರುಮಾಡಿದೆ. ಸಿಗ್ನಲ್ ಕೆಟ್ಟ ವೃತ್ತ, ನಾಲ್ಕೂ ಕಡೆ ಗಾಡಿಗಳು, ನಡುವೆ ಸಿಕ್ಕಿಬಿದ್ದ ಆಂಬುಲೆನ್ಸಿನಲ್ಲಿ ಹೆರಿಗೆನೋವು ತಿನ್ನುತ್ತಿದ್ದ ಹೆಂಗಸು. ನಾನು ಕೈ ಆಡಿಸದೆ ಅದನ್ನು ಹೇಳಿದವನೇ ಅಲ್ಲ. ಬಸ್ಸನ್ನು ತಡೆದೆ, ಲಾರಿಯನ್ನು ಹಿಂದಕ್ಕೆ ತಳ್ಳಿದೆ, ಸ್ಕೂಟರಿನವನಿಗೆ ಬೈದು ಕಾಲು ಅಪ್ಪಳಿಸಿದೆ. ಸೆನ್ಸರುಗಳು ಮೈಮೇಲೇ ಇದ್ದವು ಎಂಬುದು ನೆನಪಿದ್ದರೆ ತಾನೆ! ಅಷ್ಟೂ ಸದ್ದು ಆಚೆ ಸಭಾಂಗಣದಲ್ಲಿ ಮೊಳಗುತ್ತಿತ್ತು, ನಾನು ಅದು ಮಗಳದೇ ಸಂಗೀತ ಎಂದುಕೊಂಡಿದ್ದೆ. ವೇದಿಕೆಯಲ್ಲಿ ಒಬ್ಬಳೇ ಆಡುತ್ತಿದ್ದ ಚಿಕ್ಕವಳು ಮೊದಲು ಬೆಚ್ಚಿದಳಂತೆ. "ಲಾರಿ ಬಂದಾಗಲೇ ಗೊತ್ತಾಯ್ತಪ್ಪಾ, ಇದು ಆ ಕಥೆ ಅಂತ. ಹುಟ್ಟಿದಾಗಿಂದ ನೋಡ್ತಿದ್ದೀನಿ," ಅಂದಳು ಆಮೇಲೆ. ನಾನು ಒಳಗೆ ದಾರಿ ಬಿಡಿಸಿದಂತೆಲ್ಲ ಅವಳು ಆಚೆ ಆ ದಾರಿಯಲ್ಲಿ ಆಂಬುಲೆನ್ಸಾಗಿ ನುಗ್ಗಿದಳು. ನಾನು ಕೊನೆಯ ಸೆಲ್ಯೂಟ್ ಹೊಡೆದೆ. ಆಚೆ ಚಪ್ಪಾಳೆಗೆ ಸೂರು ಕಿತ್ತುಹೋಗುವುದೊಂದು ಬಾಕಿ. ಹೇಗೋ ಮಗಳು ಸಂಭಾಳಿಸಿದಳು ಎಂದು ಯಜಮಾನರ ಹತ್ತಿರ ನಿಟ್ಟುಸಿರು ಬಿಡುತ್ತಿದ್ದೆ. ಅವಳು ಓಡಿಬಂದು ತಬ್ಬಿಕೊಂಡಾಗ ಇಬ್ಬರ ಸೆನ್ಸರುಗಳೂ ಡಿಕ್ಕಿ ಹೊಡೆದು, ಪಾತ್ರೆಯ ಕಪಾಟೇ ಉರುಳಿದಂಥ ಸದ್ದಾಯಿತು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ದೊಡ್ಡವಳಿಗೂ ಕೂಸಿಗೂ ನನ್ನ ಆಶೀರ್ವಾದ ಮುಟ್ಟಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಎಂದೆಂದಿಗೂ ನಿನ್ನವನಾದ,
ಮನೆಯಾತ

ಮರೆತಿದ್ದೆ: ಆಯೋಜಕಿ ಮಗಳ ಜೊತೆಗೆ "ಪರದೆಯ ಹಿಂದಿನ ಆ ಹಿರಿಯ ಕಲಾವಿದರೂ" ಪ್ರವಾಸಕ್ಕೆ ಬರಲೇಬೇಕು ಎಂದಿದ್ದಾಳೆ. ಮನೆಯವಳನ್ನು ಕೇಳಿ ಹೇಳುತ್ತೇನೆ ಎಂದೆ, ಆದರೆ ಅಷ್ಟರಲ್ಲಿ ರುಜು ಹಾಕಿಯಾಗಿತ್ತು. ಫೋನಿನಲ್ಲಿ ಹೇಳುವ ಧೈರ್ಯವಾಗದೆ ಈ ಕಾಗದ. ಇದು ನಿನ್ನ ಕೈ ಸೇರುವ ಹೊತ್ತಿಗೆ ನಾವು ಎರಡನೆಯ ಊರಿನಲ್ಲಿರುತ್ತೇವೆ. ಬೀಗದ ಕೈ ಮೇಲಿನ ಮನೆಯ ದರ್ಜಿಯ ಹತ್ತಿರ ಇದೆ. ಬೈಯುವುದಿದ್ದರೆ ಸಂಜೆಯ ಮೇಲೆ ಫೋನ್ ಮಾಡು, ಹಗಲೆಲ್ಲ ನನಗೆ ರಿಹರ್ಸಲ್ ಇರುತ್ತದೆ.