ಅಂಗೈಗೆ ಬಿದ್ದ ವಿಸ್ಕಿ

ಓಕ್ ಬ್ರೂಕ್, ನವೆಂಬರ್ 2003

ಅಕ್ಕಾ, ಶಿಕಾಗೊ ಸೀಮೆಯಿಂದ ನಿನ್ನ ತಮ್ಮ ಅಡ್ಡಬಿದ್ದು ಕೇಳುತ್ತಿದ್ದೇನೆ, ನೀನೇ ತೀರ್ಪು ಕೊಡಬೇಕು!

ನಿನ್ನ ಅಳಿಯ ಸತ್ಯ ನಿನ್ನೆ ಒಂದು ವಿಸ್ಕಿ ಪ್ರದರ್ಶನಕ್ಕೆ ಕರೆದೊಯ್ದ. ‘ಬರೀ ನೋಡೋದು ಮಾವ, ಕುಡಿಯೋದಲ್ಲ’ ಎಂದ. ವೇದಿಕೆಯ ಮೇಲೆ ಲಂಗ ತೊಟ್ಟ ಗಂಡಸು! ಸ್ಕಾಟ್ಲೆಂಡಿನ ಬೆಟ್ಟಸೀಮೆಯವನಂತೆ. ಮೊಳಕೆಯೊಡೆದ ಬಾರ್ಲಿಯನ್ನು ಹೊಗೆಯಲ್ಲಿ ಒಣಗಿಸಿ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸಿ, ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ವನವಾಸಕ್ಕೆ ಕಳಿಸುತ್ತಾರಂತೆ. ಅಜ್ಜನ ಕಾಲದ ಆ ಕಸುಬನ್ನು ಅವನು ಕಣ್ಣೀರಿಟ್ಟು ವರ್ಣಿಸಿದ. ಬಳಿಕ ಉಜ್ಜಿ ಮೂಸಿ ನೋಡಲೆಂದು ಎಲ್ಲರ ಅಂಗೈಗೂ ಹನಿ ಹನಿ ಹಾಕುತ್ತ ಬಂದ. ನನ್ನ ಕೈ ತೀರ್ಥಕ್ಕೆ ಚಾಚಿದಂತೆ ತಾನಾಗಿ ಬಟ್ಟಲಾಯಿತು. ಸೊರ್ರೆಂದು ಹೀರಿ, ತಲೆಗೆ ಒರೆಸಿಕೊಂಡೇಬಿಟ್ಟೆ!

‘ಅಯ್ಯೋ ಮಾವ, ಅದು ಮೂಸೋಕೆ!’ ಎಂದು ಸತ್ಯ ಚೀರಿದ. ಅಷ್ಟರಲ್ಲಿ ಪಕ್ಕದ ಅಮೆರಿಕನ್ ದಂಪತಿಯೂ ನನ್ನನ್ನು ನೋಡಿ ಹಾಗೆಯೇ ಮಾಡಿದರು.

ನಾಟಕದ ಕಂಪನಿ ಸೇರುವಾಗ, ಹೆಂಡ ಮುಟ್ಟುವುದಿಲ್ಲವೆಂದು ನಿನ್ನ ತಲೆ ಮುಟ್ಟಿ ಆಣೆಯಿಟ್ಟಿದ್ದೆ. ಕುಡುಕನ ಪಾರ್ಟಿನಲ್ಲೂ ಬೆಲ್ಲದ ನೀರನ್ನೇ ಕುಡಿದವನು ನಾನು. ಈಗ ಭಕ್ತಿಯಿಂದ ಹೀರಿದ್ದು ಹೆಂಡವೋ, ತೀರ್ಥವೋ? ಆಣೆ ಮುರಿಯಿತೋ, ಉಳಿಯಿತೋ? ಒಂದೂ ತಿಳಿಯದು.

ಅದನ್ನು ಹೀರಿದ ಮೇಲೆ ನನ್ನ ಹಳೆಯ ಮಂಡಿನೋವು ಇಳಿದಿದೆ. ನಿನ್ನ ತಲೆಗೇನೂ ಆಗಿಲ್ಲ ತಾನೇ? ನಾನಾಗಿ ಫೋನ್ ಮಾಡಲು ಧೈರ್ಯವಿಲ್ಲ, ನೀನೇ ಮಾಡು. ಬೈದರೂ ಸರಿ, ನಿನ್ನ ದನಿ ಕೇಳಬೇಕು.

ನಂಜುಂಡ