ಅಷ್ಟಮಿಯ ದಿನ ಅಪ್ಪ ಕೂತಿದ್ದರು

ಅಮ್ಮಾ,

ಜುಲೈಯಲ್ಲಿ ನಿನ್ನ ಬೀರು ಖಾಲಿ ಮಾಡುವಾಗ ಸೀರೆಗಳ ಕೆಳಗೆ ಆ ಕಂದು ಡೈರಿ ಸಿಕ್ಕಿತು, ಕಿರಾಣಿ ಅಂಗಡಿಯವರು ವರ್ಷವರ್ಷ ಕೊಡುತ್ತಿದ್ದದ್ದು. ಉಳಿದ ತಿಂಗಳುಗಳ ಪುಟಗಳಲ್ಲಿ ಹೆಚ್ಚೇನೂ ಇಲ್ಲ. ಮಹಾಲಯದಿಂದ ಕಾಳಿ ಪೂಜೆಯವರೆಗೆ ಮಾತ್ರ ಒಂದಂಗುಲ ಜಾಗವನ್ನೂ ನೀನು ಬಿಟ್ಟಿಲ್ಲ. "ಉದ್ದು ಎರಡು ಬಕೆಟ್ ನೆನೆಹಾಕುವುದು." "ಬಾಳೆ ಎಲೆಗೆ ಮೊದಲೇ ಹೇಳುವುದು." ಪಂಚಮಿಯ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, "ಎದೆ ಹಿಡಿದ ಹಾಗೆ ಆಗ್ತದೆ. ಡಾಕ್ಟ್ರಿಗೆ ತೋರಿಸುವುದು." ಅದೇ ಸಾಲು ಸಪ್ತಮಿಗೆ, ದಶಮಿಗೆ, ಲಕ್ಷ್ಮೀ ಪೂಜೆಗೆ. ಪ್ರತಿ ಸಲವೂ ಪಕ್ಕದಲ್ಲಿ ಮುಂದಿನ ಪುಟದ ಕಡೆಗೆ ಒಂದು ಬಾಣ. ಕಾಳಿ ಪೂಜೆಯ ಪುಟದಲ್ಲಿ ಬಾಣವಿದೆ, ಅದರ ಮುಂದಿನ ಪುಟದಲ್ಲಿ ಸಾಲಿಲ್ಲ. ಡಿಸೆಂಬರಿನಲ್ಲಿ ನೀನು ಹೋದೆ.

ಅವತ್ತು ಸಂಜೆಯೇ ಗರಿಯಾಹಾಟ್ ಪೇಟೆಗೆ ಹೋಗಿ, ಸೀರೆ ಅಂಗಡಿಗಳ ಸಾಲು ದಾಟಿ, ಗೆರೆಯಿಲ್ಲದ ಒಂದು ನೋಟ್‌ಬುಕ್ ತಂದೆ. ಪುಟಗಳನ್ನು ನಾನೇ ಭಾಗ ಮಾಡಿದೆ. ಮೇಲೆ ನಮ್ಮ ಹೋಟೆಲಿನ ಕೆಲಸ, ನಡುವೆ ಅಪ್ಪ, ಕೆಳಗೆ ನಾನು. ನನ್ನ ಭಾಗದಲ್ಲಿ ಮೂರೇ ವಿಷಯ: ನಿದ್ರೆ ಎಷ್ಟು, ಊಟ ಏನು, ಅತ್ತೆನೋ ಇಲ್ಲವೋ. ಅಂಗಡಿಗಳಲ್ಲಿ ಇಂಥದ್ದೇ ಪುಸ್ತಕಗಳು ಬಣ್ಣದ ಹೂವು ಬಿಡಿಸಿಕೊಂಡು ಸಿಗುತ್ತವೆ, 'ನಿನ್ನನ್ನು ನೀನು ಪ್ರೀತಿಸು' ಎಂದೆಲ್ಲ ಅಚ್ಚಾಗಿರುತ್ತದೆ. ನನಗೆ ನಾಚಿಕೆಯಾಯಿತು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು, ಬರೆಯುವುದು ಮಾತ್ರ ಕನ್ನಡದಲ್ಲಿ. ನಾನು ಕನ್ನಡ ಕಲಿತದ್ದೇ ನಿನ್ನ ಸಾಮಾನಿನ ಚೀಟಿಗಳನ್ನು ನೋಡಿ ಅಲ್ಲವೇ? ಹಾಗಾಗಿ ನನ್ನ ಗದ್ಯದಲ್ಲಿ ಇವತ್ತಿಗೂ ಕ್ರಿಯಾಪದಕ್ಕಿಂತ ಬೇಳೆಕಾಳು ಜಾಸ್ತಿ.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಅಪ್ಪ ಸ್ನಾನ ಮಾಡಿ ಬಂದರು. ನೆಲದ ಮೇಲೆ ಒದ್ದೆ ಹೆಜ್ಜೆಗಳು. ಬಲಗಾಲಿನ ಗುರುತಿನಲ್ಲಿ ಹೆಬ್ಬೆರಳಿನ ಜಾಗ ತೆಳು ಕೆಂಪಗಿತ್ತು. ಅಲ್ಲಿ ಗಾಯವಾದದ್ದು ಅವರಿಗೆ ಗೊತ್ತೇ ಇರಲಿಲ್ಲ; ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ನೋವು ತಿಳಿಯುವುದಿಲ್ಲವಂತೆ. ಡಾಕ್ಟರು ಮೊದಲು ಮಾತ್ರೆ ಕೊಟ್ಟು ಕಾದರು. ಮಹಾಲಯದ ಮರುದಿನ ನೋಡಿ, "ಈ ವಾರವೇ ಗಾಯ ಕೆರೆದು ಸ್ವಚ್ಛ ಮಾಡಬೇಕು. ಆಮೇಲೆ ಮೂರು ದಿನ ಈ ಕಾಲು ನೆಲಕ್ಕೆ ತಾಗಬಾರದು. ನಿಂತು ಅಡುಗೆ ಮಾಡಿದರೆ ಬೆರಳು ಉಳಿಯುತ್ತದೆ ಎಂದು ನಾನು ಹೇಳಲಾರೆ" ಎಂದರು. ಹೊರಗೆ ಬಂದ ಮೇಲೆ ಅಪ್ಪ ನಕ್ಕರು. "ಪೂಜೆ ಮುಗೀಲಿ ಮಾರಾಯ್ತಿ. ಒಂದು ಬೆರಳಿಗೆ ಎಂತ ಅರ್ಜೆಂಟು?"

ಮನೆಗೆ ಬಂದೆವು. ನಿನಗೆ ಗೊತ್ತಲ್ಲ, ನಾನು ಹೇಳುವವಳಲ್ಲ. ನಿನ್ನ ಡೈರಿಯನ್ನು ಅವರ ಮುಂದೆ ತೆರೆದಿಟ್ಟು ಪುಟ ತಿರುಗಿಸುತ್ತ ಹೋದೆ. ಒಂದು ಬಾಣ, ಇನ್ನೊಂದು, ಮತ್ತೊಂದು. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ತುಂಬ ಹೊತ್ತು ಒರೆಸಿದರು.

"ಯಾವತ್ತು ಹೋಗುವ?" ಎಂದರು.

ಅಡುಗೆಮನೆಯ ಗೋಡೆಯಲ್ಲಿ ಉಡುಪಿಯಿಂದ ತರಿಸಿದ ಪಂಚಾಂಗದ ಕ್ಯಾಲೆಂಡರ್ ಇದೆಯಲ್ಲ, ಆಗಸ್ಟಿನಲ್ಲೇ ಅದನ್ನು ನೋಡಿ ತಿಥಿಗಳನ್ನೆಲ್ಲ ನನ್ನ ಪುಟಗಳಿಗೆ ಇಳಿಸಿಕೊಂಡಿದ್ದೆ. ಅಷ್ಟಮಿಗೆ ಎಂದಿನಂತೆ ಪಾಡಾದ, ಅಂದರೆ ನಮ್ಮ ಕೇರಿಯ, ದುರ್ಗಾ ಪೂಜೆಯ ಊಟ ನಮ್ಮದು. ಅವತ್ತು ಬಂಗಾಳಿಗಳೂ ಸಸ್ಯಾಹಾರ, ಇನ್ನೂರೈವತ್ತು ಜನಕ್ಕೆ ಮೈದಾ ಪೂರಿಯಂಥ ಲುಚಿ, ಕಡಲೆಬೇಳೆ ದಾಲ್, ನಮ್ಮ ಪಾಯಸ. ಅದಕ್ಕೆ ಮುಂಚಿನ ಪಂಚಮಿ, ಷಷ್ಠಿ, ಸಪ್ತಮಿ ಹೋಟೆಲಿಗೆ ಬೀಗ. ಅಪ್ಪನ ಮೂರು ದಿನ ಅವೇ. ಕೈಕೆಳಗೆ ಅಡುಗೆ ಮಾಡುವ ನಿಮಾಯ್‌ದಾನಿಗೂ ಅದೇ ಮೂರು ದಿನ ರಜೆ ಕೊಟ್ಟೆ. ಅವನು ಹೆಂಡತಿ ಮಕ್ಕಳೊಂದಿಗೆ ಊರಿಗೆ ಹೋದ. ಪುಟ ನೋಡಲು ಬಹಳ ಚೆನ್ನಾಗಿತ್ತು.

ಅಪ್ಪನ ಗಾಯ ಕೆರೆಸಿಕೊಂಡು ಬಂದ ಮೊದಲನೇ ದಿನದ ಸಂಜೆ, ಇವತ್ತು ಷಷ್ಠಿ, ದೇವಿಯನ್ನು ಎಬ್ಬಿಸುವ ಬೋಧನಕ್ಕೆ ಎಲ್ಲರೂ ಬರಬೇಕೆಂದು ಪೆಂಡಾಲಿನ ಮೈಕಿನಲ್ಲಿ ಕೂಗಿದರು. ನನ್ನ ಪುಟದಲ್ಲಿ ಇನ್ನೂ ಪಂಚಮಿ. ಮೂರು ಸಲ ಓದಿದೆ. ಊರಿನ ಪಂಚಾಂಗಕ್ಕೂ ಇವರ ಪಂಜಿಕೆಗೂ ಈ ವರ್ಷ ಒಂದು ದಿನದ ವ್ಯತ್ಯಾಸ; ಇಲ್ಲಿಯ ಅಷ್ಟಮಿ ಬಿದ್ದದ್ದು ಅಪ್ಪನ ಮೂರನೇ ದಿನಕ್ಕೇ. ಈ ಊರಿನಲ್ಲಿ ಅಷ್ಟಮಿ ಯಾವತ್ತೆಂದು ಶಾಲೆಗೆ ಹೋಗದ ಮಗುವಿಗೂ ಗೊತ್ತಿರುತ್ತದೆ. ನಾನು ತಿಂಗಳಿಡೀ ಹೊರಗಿನ ಮಾತು ಕೇಳಿಸಿಕೊಳ್ಳದೆ ಪುಸ್ತಕದೊಳಗೇ... ನೀನು ಮಹಾಲಯದ ದಿನ ತಪ್ಪದೆ ಪೂಜಾ ಕಮಿಟಿಯವರ ಹತ್ತಿರ ಹೋಗಿಬರುತ್ತಿದ್ದದ್ದು ಇದಕ್ಕೇ ಏನು? ಹೋಗುವಾಗ ನನ್ನನ್ನೂ ಕರೆಯುತ್ತಿದ್ದೆ. ಜನರಿದ್ದಾರೆ ಎಂದು ನಾನು ಬರುತ್ತಿರಲಿಲ್ಲ.

ಅಪ್ಪನಿಗೆ ಹೇಳಿದಾಗ ಅವರು ಮಂಚದಿಂದ ಕಾಲು ಇಳಿಬಿಟ್ಟರು. "ನಾಡಿದ್ದು ನಾನೇ ನಿಲ್ತೇನೆ. ಒಂದು ದಿನದ ಮಟ್ಟಿಗೆ ಎಂತ ಆಗ್ತದೆ?"

"ಕಾಲು ಮೇಲೆ ಇಡಿ ಅಪ್ಪ."

"ಮತ್ತೆ ಇನ್ನೂರೈವತ್ತು ಜನಕ್ಕೆ ಯಾರು, ನಿನ್ನ ಎಂ.ಎ. ಮಾಡ್ತದಾ?"

ನಿಮಾಯ್‌ದಾನಿಗೆ ಫೋನ್ ಮಾಡಿದೆ. ದಶಮಿ ತನಕ ರೈಲಿನಲ್ಲಿ ನಿಲ್ಲಲೂ ಜಾಗವಿಲ್ಲವಂತೆ. ಬೇರೆ ಇಬ್ಬರು ಅಡುಗೆಯವರನ್ನು ವಿಚಾರಿಸಿದೆ. ಪೂಜೆಯ ವಾರದಲ್ಲಿ ಯಾರು ಖಾಲಿ ಇರುತ್ತಾರೆ? ಆಮೇಲೆ ಕಮಿಟಿಯ ಶ್ಯಾಮಲ್ ಕಾಕುವಿಗೆ ಹೇಳಬೇಕಾದ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎಂಟು ವಾಕ್ಯ. ಹೊಡೆದು ಹಾಕುತ್ತ ಹಾಕುತ್ತ ಎರಡಾಯಿತು. ಅವರು ಫೋನ್ ಎತ್ತಿದಾಗ ಹಿಂದೆ ಪೂಜೆಯ ಡೋಲು, ಢಾಕ್ ಬಡಿಯುತ್ತಿದ್ದರು, ಎರಡನ್ನೂ ಕಿರುಚಿಯೇ ಹೇಳಬೇಕಾಯಿತು. ಅಷ್ಟಮಿಯ ಊಟ ನಮ್ಮಿಂದ ಆಗುವುದಿಲ್ಲ. ಪಾಯಸ ಮಾತ್ರ ನಾನು ಮಾಡಿ ಕೊಡುತ್ತೇನೆ.

"ಏನು ಹೇಳುತ್ತಿದ್ದೀ ಮಾ?" ಅವರ ಬಂಗಾಳಿ ಒಮ್ಮೆಲೇ ಜೋರಾಯಿತು. "ಇಪ್ಪತ್ತು ವರ್ಷದಿಂದ ನಿಮ್ಮದೇ ಊಟ. ನಾಡಿದ್ದು ಎಲೆಯ ಮುಂದೆ ಕೂರಿಸಿ ಜನಕ್ಕೆ ಏನು ಬಡಿಸಲಿ, ನಿನ್ನ ಪಾಯಸವನ್ನಾ?"

ತಿಥಿ ತಪ್ಪಾಗಿ ಬರೆದುಕೊಂಡದ್ದು ನಾನೆಂದೆ. ಅಪ್ಪನ ಕಾಲಿನ ವಿಷಯ ಹೇಳಿದೆ. ಅವರು, "ನಿನ್ನ ಅಮ್ಮ ಇದ್ದಿದ್ದರೆ ಆಗುವುದಿಲ್ಲ ಎನ್ನುತ್ತಿರಲಿಲ್ಲ" ಎಂದರು.

"ಹೌದು ಕಾಕು. ಅದಕ್ಕೇ ನಾನು ಹೇಳುತ್ತಿದ್ದೇನೆ."

ಈ ವಾಕ್ಯ ನಾನು ಬರೆದುಕೊಂಡದ್ದಲ್ಲ. ಢಾಕ್ ಸದ್ದು ಹಾಗೇ ಕೇಳುತ್ತಿತ್ತು. "ಸರಿ" ಎಂದು ಫೋನ್ ಇಟ್ಟರು. ಅವತ್ತಿನ ಪುಟದಲ್ಲಿ ನನ್ನ ಭಾಗ ನೋಡಿದರೆ, ನಿದ್ರೆ ಮೂರು ಗಂಟೆ, ಊಟ ಮೊಸರನ್ನ. ಅತ್ತದ್ದು: ಹೌದು. ಏಳು ನಿಮಿಷ ಇರಬಹುದು. ಬೇಸರವಾಯಿತಾ ನಿನಗೆ, ನಿನ್ನ ಹೆಸರನ್ನು ಹಾಗೆ ಬಳಸಿದ್ದಕ್ಕೆ?

ಅಷ್ಟಮಿಯ ಬೆಳಿಗ್ಗೆ ಪಾಯಸದ ಕೊಳಗವನ್ನು ರಿಕ್ಷಾದಲ್ಲಿ ಕಳಿಸಿ ಬಂದಾಗ ಅಪ್ಪ ಎರಡು ದಿಂಬಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದರು. ಕೂತು ಗೊತ್ತಿಲ್ಲದವರು ಕೂತ ರೀತಿ, ಬಸ್ ಸ್ಟಾಪಿನಲ್ಲಿ ಕೂತ ಹಾಗೆ. ಮಧ್ಯಾಹ್ನ ಶ್ಯಾಮಲ್ ಕಾಕುವಿನ ಹೆಂಡತಿ ಒಂದು ಸ್ಟೀಲ್ ಡಬ್ಬಿ ತಂದರು. ಪಾಡಾದವರೇ ಸೇರಿ ಖಿಚುಡಿ, ಲಾಬ್ಡಾ ಮಾಡಿದ್ದರಂತೆ. ಲಾಬ್ಡಾ ಅಂದರೆ ಕುಂಬಳ, ಬದನೆ ಎಲ್ಲ ಸೇರಿಸಿದ ಪಲ್ಯ. ಕಾಕು ಸಿಟ್ಟಿನಲ್ಲಿದ್ದಾರೆ, ಆದರೆ ಡಬ್ಬಿ ಕಳಿಸಿದ್ದೂ ಅವರೇ ಎಂದರು. ಅಪ್ಪ ಒಂದು ತುತ್ತು ತಿಂದು, "ಉಪ್ಪು ಸಾಲದು. ಶುಂಠಿ ಜಾಸ್ತಿಯಾಯ್ತು" ಎಂದರು. ಆಮೇಲೆ ತಟ್ಟೆ ಮುಂದೆ ಚಾಚಿದರು. "ಇನ್ನು ಸ್ವಲ್ಪ ಹಾಕು. ಬೇರೆಯವರು ಬೇಯಿಸಿದ್ದನ್ನು ಅಷ್ಟಮಿ ದಿನ ಬಿಸಿಬಿಸಿ ತಿಂದದ್ದು ಈ ಊರಲ್ಲಿ ಇದೇ ಮೊದಲು."

ಕಳೆದ ವಾರ ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು. ಗಾಯ ಮುಚ್ಚಿದೆ, ಬೆರಳು ಉಳಿಯಿತು. ಬರುವ ವರ್ಷದ ಅಷ್ಟಮಿಯ ಊಟ ನಮಗಿಲ್ಲ; ಕಮಿಟಿಯವರು ಬೇರೊಬ್ಬರಿಗೆ ಮಾತು ಕೊಟ್ಟಾಗಿದೆ. ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಬೆರಳನ್ನೇ ನೋಡಿ, "ನಷ್ಟವೇ" ಎಂದರು. ಈಗ ಅವರು ಒಲೆಯ ಮುಂದೆ ಎತ್ತರದ ಸ್ಟೂಲ್ ಹಾಕಿಕೊಂಡು ಕೂತೇ ದೋಸೆ ಹೊಯ್ಯಬೇಕೆಂದು ನಮ್ಮ ಒಪ್ಪಂದ. ನಾನು ಗಲ್ಲಾದಲ್ಲಿ ಬೆನ್ನು ತಿರುಗಿಸಿದ ಕೂಡಲೇ ಎದ್ದು ನಿಲ್ಲುತ್ತಾರೆ, ನಾನು ತಿರುಗಿ ನೋಡಿದರೆ ಕೂರುತ್ತಾರೆ. ನೋಡುತ್ತಿರುತ್ತೇನೆ, ಅಮ್ಮ.