ಇಬ್ಬರಿಗೆ ಮೂರು ದಿನದ ಪೋರ್ತೊ

ಪೋರ್ತೊ,
6 ಮೇ 1996

ಪ್ರೀತಿಯ ಅಮ್ಮ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಔಷಧಿ ಅಂಗಡಿಯಲ್ಲಿ ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು. ಅದು ಅರ್ಧ ಸತ್ಯ. ತಡವಾದದ್ದಕ್ಕೆ ಕ್ಷಮಿಸು. ಮೊದಲು ನಿನ್ನ ಪ್ರಶ್ನೆಗೆ ಉತ್ತರ: ಹೌದು, ಬಾ. ಸೆನ್ಯೋರ್ ಅಬೀಲಿಯೊ ಅವರ ಜೊತೆಗೇ ಬಾ. "ನೀನು ಬೇಡ ಅಂದ್ರೆ ನಾವು ರೈಲು ಹತ್ತೋದಿಲ್ಲ" ಎಂದು ಬರೆದಿದ್ದೀಯ. ಓದಿ ನಾಚಿಕೆಯಾಯಿತು. ಅಪ್ಪ ಹೋಗಿ ಎಂಟು ವರ್ಷವಾಯಿತು. ಅರವತ್ತೆಂಟರ ತಾಯಿಗೆ ನಲವತ್ತನಾಲ್ಕರ ಮಗಳ ಅಪ್ಪಣೆ ಯಾಕೆ ಬೇಕು?

ಪಕ್ಕದ ಮನೆಯ ಇಡಾಲಿನಾಗೆ ನೀನು ಕೊಟ್ಟ ಉತ್ತರವನ್ನು ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. "ಈ ವಯಸ್ಸಲ್ಲಿ ಹನಿಮೂನಾ, ಅರ್ಮಿಂದಾ?" ಎಂದು ಅವಳು ಚುಚ್ಚಿದರೆ, "ಹೂಂ ಕಣೇ, ಹದಿನೆಂಟರಲ್ಲಿ ದ್ರಾಕ್ಷಿ ಕೊಯ್ಲಿತ್ತು, ಪುರುಸೊತ್ತಾಗ್ಲಿಲ್ಲ" ಎಂದೆಯಂತೆ. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು.

ಈಗ ನಾನೇ ಹೊರಟವಳ ಹಾಗೆ ಓಡಾಡುತ್ತಿದ್ದೇನೆ. ಎರಡು ಕೋಣೆ ಹಿಡಿ ಎಂದಿದ್ದೆ ನೀನು. ಹಿಡಿದಿರುವುದು ಒಂದೇ. ಬತಾಲ್ಯಾ ಚೌಕದ ಹಿಂದಿನ ಸಣ್ಣ ಹೋಟೆಲು. ನಡೆಸುವವಳು ದೋನಾ ಜೆನೊವೇವಾ, ನನ್ನ ಹಳೆಯ ಗಿರಾಕಿ. ಜೋಡಿ ಮಂಚದ ಕೋಣೆ ಎಂದ ಕೂಡಲೇ, ಹೊಸ ಜೋಡಿಯಾ ಎಂದು ಕೇಳಿದಳು. ಒಂಥರಾ ಹೊಸತೇ, ಅಮ್ಮನಿಗೆ ಅರವತ್ತೆಂಟು ಎಂದೆ. ನನ್ನ ಕಿವಿ ಬಿಸಿಯಾಗಿತ್ತು. ಅವಳು ಪುಸ್ತಕದಿಂದ ಕಣ್ಣೆತ್ತದೆ, "ಹಾಗಾದ್ರೆ ಮೂರನೇ ಮಹಡಿ ಬೇಡ, ಮಂಡಿ ನೋವಿದ್ರೆ ಪ್ರೇಮ ಎಲ್ಲಿಂದ ಬರತ್ತೆ? ಮೊದಲನೇ ಮಹಡಿ, ಹಿಂಭಾಗ, ಬಾಲ್ಕನಿ ಇದೆ. ಬಸ್ಸಿನ ಸದ್ದಿಲ್ಲ" ಎಂದಳು. ನೀನೂ ಎಲ್ಲೇ ಹೋದರೂ ಹಿಂಭಾಗದ ಕೋಣೆಯನ್ನೇ ಕೇಳು.

ಹದಿನೇಳನೇ ತಾರೀಖು ಶುಕ್ರವಾರ ರೇಗುವಾದಲ್ಲಿ ಬೆಳಗಿನ ರೈಲು ಹತ್ತಿದಾಗ ಎಡಗಡೆ ಕೂರಿ. ಅರ್ಧ ದಾರಿ ನದಿ ಕಿಟಕಿಗೆ ಅಂಟಿಕೊಂಡೇ ಬರುತ್ತದೆ. ಕಿಟಕಿ ಪಕ್ಕ ನೀನು ಕೂರು. ಅವರು ಬೇಡವೆಂದರೂ ಬಿಟ್ಟುಕೊಡುತ್ತಾರೆ, ನೋಡು.

ವಿಧವೆಯ ಕಪ್ಪು ಬಟ್ಟೆ ಒಂದೂ ತರಬೇಡ. ಬೀದಿಯವರು ಏನೆನ್ನುತ್ತಾರೋ ಎಂಬ ಅಂಜಿಕೆಯಿದ್ದರೆ ಊರಲ್ಲಿ ಕಪ್ಪು ಉಟ್ಟು ರೈಲಿನಲ್ಲಿ ಬದಲಿಸಿಕೋ. ನಿನ್ನ ನೀಲಿ ಕೋಟು ಇನ್ನೂ ಹಿಡಿಸುತ್ತದೆ, ನನಗೆ ಗೊತ್ತು. ರಬ್ಬರ್ ತಳದ ಹಳೆಯ ಬೂಟೇ ಸಾಕು. ನಮ್ಮ ಬೀದಿಯ ಕಲ್ಲುಗಳು ಹೊಸ ಬೂಟಿಗೆ ದಯೆ ತೋರಿಸುವುದಿಲ್ಲ. ಹಿಮ್ಮಡಿಗೆ ಹಚ್ಚುವ ಪಟ್ಟಿಯನ್ನು ನಾನೇ ಹೋಟೆಲಿನಲ್ಲಿ ಇಟ್ಟಿರುತ್ತೇನೆ.

ಇಡೀ ಕೋಳಿ ಹುರಿದು ಬುತ್ತಿ ಕಟ್ಟಿಕೊಂಡು ಬರಬೇಡ, ದಯವಿಟ್ಟು. ಊಟದ ಮನೆಯಲ್ಲಿ ಕೂತ ಕೂಡಲೇ ಕೇಳದೆಯೇ ಬ್ರೆಡ್ಡು, ಆಲಿವ್ ತಂದಿಡುತ್ತಾರೆ. ಅದು ಪ್ರೀತಿಗಲ್ಲ; ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಮುಟ್ಟಿದಿರೋ, ಪೂರ್ತಿ ತಿನ್ನಿ, ಕರವಸ್ತ್ರದಲ್ಲಿ ಗಂಟು ಕಟ್ಟಬೇಡ. ಒಂದು ಪಾಲು ಹೇಳಿದರೆ ಇಬ್ಬರಿಗಾಗುತ್ತದೆ. ಒಂದೇ ತಟ್ಟೆಯಿಂದ ಬಡಿಸಿಕೊಳ್ಳುವುದರಲ್ಲಿ ಬೇರೆ ಸುಖವೂ ಇದೆಯಲ್ಲ.

ಈ ಊರಿನಲ್ಲಿ ಏರನ್ನು ಬಸ್ಸಿಗೆ ಬಿಡಿ, ಇಳಿಜಾರಿನಲ್ಲಿ ಮಾತ್ರ ನಡೆಯಿರಿ. ಕೈ ಹಿಡಿದುಕೊಳ್ಳಲು ಯಾರಿಗೂ ಕಾರಣ ಹೇಳಬೇಕಾಗುವುದಿಲ್ಲ. ಆಚೆ ದಡದ ವೈನ್ ಉಗ್ರಾಣಗಳಲ್ಲಿ ಒಂದನ್ನೇ ನೋಡಿ. ನಲವತ್ತು ವರ್ಷ ಪೀಪಾಯಿ ಕಟ್ಟಿದ ಸೆನ್ಯೋರ್ ಅಬೀಲಿಯೊ ಪ್ರತಿ ಪೀಪಾಯಿಯನ್ನೂ ತಟ್ಟಿ ನೋಡುತ್ತಾ ನಿಂತರೆ ನಿನ್ನ ಶನಿವಾರ ಅಲ್ಲೇ ಮುಗಿಯುತ್ತದೆ. ಮಧ್ಯಾಹ್ನದ ಮೇಲೆ ಟ್ರಾಮ್ ಹಿಡಿದು ಫೋಝ್‌ಗೆ, ಸಮುದ್ರ ಕಾಣುವಲ್ಲಿಗೆ ಹೋಗಿ. ಅಲ್ಲಿ ಗಾಳಿ ಜೋರು, ತಲೆಗೆ ವಸ್ತ್ರ ಕಟ್ಟಿಕೋ. ಅಥವಾ ಕಟ್ಟಿಕೊಳ್ಳಬೇಡ. ನಿನ್ನ ಕೂದಲು ಹಾರುವುದನ್ನು ಅವರೂ ನೋಡಲಿ.

ಭಾನುವಾರ ಒಂದು ಗಂಟೆಗೆ ಇಬ್ಬರೂ ನನ್ನ ಮನೆಗೆ ಊಟಕ್ಕೆ ಬನ್ನಿ. ಬಾತುಕೋಳಿಯ ಅನ್ನ ಮಾಡುತ್ತೇನೆ. ನಿನ್ನಷ್ಟು ಚೆನ್ನಾಗಿ ಬರುವುದಿಲ್ಲ, ಅವರೆದುರು ಹೇಳಬೇಡ.

ದೇವರು ನಿಮ್ಮಿಬ್ಬರ ಮಂಡಿಗೂ ಮನಸ್ಸಿಗೂ ಬಲ ಕೊಡಲಿ. ಚಿಕ್ಕಂದಿನಿಂದ ಕೇಳುವ ಹಾಗೆಯೇ ಈಗಲೂ ನಿನ್ನ ಆಶೀರ್ವಾದ ಕೇಳುತ್ತೇನೆ. ಕೊಡುವ ಮೊದಲು ಕೆಳಗಿನದನ್ನೂ ಓದು.

ನಿನ್ನ ಮಗಳು,
ಒಟೀಲಿಯಾ

ಮತ್ತೆ: ಸೆನ್ಯೋರ್ ಅಬೀಲಿಯೊ ಬಗ್ಗೆ, "ಆಗ ಮನೆಗೆ ಬರೋದನ್ನ ಯಾಕೆ ನಿಲ್ಲಿಸಿದ್ರಿ ಅಂತ ಕೇಳಿದೆ. ನಂಗೆ ಧೈರ್ಯ ಸಾಲ್ಲಿಲ್ಲ ಅರ್ಮಿಂದಾ ಅಂದ್ರು" ಎಂದು ಬರೆದಿದ್ದೀಯ. ಅದು ಸುಳ್ಳು, ಅಮ್ಮ. ಅವರಿಗೆ ಧೈರ್ಯವಿತ್ತು. ಚರ್ಚಿನಲ್ಲಿ ಅಪ್ಪನ ಮೊದಲ ವರ್ಷದ ಬಲಿಪೂಜೆ ಮುಗಿದ ವಾರ ಅವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ನನ್ನ ಅಂಗಡಿಗೆ ಬಂದಿದ್ದರು. ಗಿರಾಕಿಗಳೆಲ್ಲ ಹೋಗುವವರೆಗೆ ಮೂಲೆಯಲ್ಲಿ ನಿಂತಿದ್ದು, "ನಿಮ್ಮ ತಾಯಿನ ಕೇಳೋಕೆ ಮುಂಚೆ ನಿಮ್ಮನ್ನ ಕೇಳೋಣ ಅಂತ ಬಂದೆ" ಎಂದರು. "ಅಮ್ಮನಿಗೆ ಇಷ್ಟ ಇಲ್ಲ. ಹೇಳೋಕೆ ಸಂಕೋಚ ಅಂತ ನನ್ನ ಕೈಲಿ ಹೇಳಿಸ್ತಿದ್ದಾಳೆ. ಇನ್ನು ಮನೆ ಕಡೆ ಬರಬೇಡಿ" ಎಂದೆ. ನೀನು ಹಾಗೆ ಹೇಳಿಯೇ ಇರಲಿಲ್ಲ.

ಅಪ್ಪನ ಮೇಲಿನ ಪ್ರೀತಿಗೆ ಹಾಗೆ ಮಾಡಿದೆನೆಂದು ಬಹುಕಾಲ ನಂಬಿಕೊಂಡಿದ್ದೆ. ಈಗ ಅನುಮಾನವಾಗುತ್ತದೆ, ನೀನು ನನ್ನೊಬ್ಬಳಿಗೇ ಉಳಿಯಬೇಕೆಂಬ ಆಸೆಯಿದ್ದಿರಬೇಕು. ಆ ಚಳಿಗಾಲ ನೀನು ಫೋನಿನಲ್ಲಿ, "ಅವರು ನನ್ನ ಕಂಡ್ರೆ ಬೀದಿ ದಾಟಿ ಹೋಗ್ತಾರೆ, ನಾನೇನು ತಪ್ಪು ಮಾಡಿದ್ನೋ" ಎಂದಾಗಲೂ ಸುಮ್ಮನಿದ್ದೆ. ನೀನು ಹಾಗೆ ಕೇಳಿದ ಮೇಲೆ ಈಗ ಅವರಿಗೆ ನಿಜ ಗೊತ್ತಾಗಿರಲೇಬೇಕು. ಆದರೂ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದಾರೆ. ನಿನ್ನ ಮಗಳನ್ನು ನಿನ್ನ ಕಣ್ಣಲ್ಲಿ ಚಿಕ್ಕವಳಾಗಿಸಲು ಅವರಿಗೆ ಮನಸ್ಸಾಗಿಲ್ಲ. ಅದನ್ನೇ ನನಗೆ ತಾಳಲಾಗುತ್ತಿಲ್ಲ.

ಏಳು ವರ್ಷ, ಅಮ್ಮ. ಭಾನುವಾರ ನನ್ನ ಮನೆಯ ಮೆಟ್ಟಿಲು ಹತ್ತಲು ನಿನಗೆ ಮನಸ್ಸಾಗದಿದ್ದರೆ ಅದು ನ್ಯಾಯವೇ. ಆದರೆ ನನ್ನ ಮೇಲಿನ ಸಿಟ್ಟಿಗೆ ಶುಕ್ರವಾರದ ರೈಲನ್ನು ಬಿಡಬೇಡ. ನಾನು ನಿಮ್ಮನ್ನು ಒಮ್ಮೆ ತಡೆದದ್ದು ಸಾಕು.